ಉಪ್ಪುನೀರಿನ ಮೇಲೆ ನಡುರಾತ್ರಿಯ ಪಯಣ



ಸಹಾಯಾರ್ಥ ಓಟ ನಮಗೆ ಹೊಸದಲ್ಲ. ಮುಂಬೈ ಮ್ಯಾರಥಾನ್ 2004ರಲ್ಲಿ ಶುರುವಾದ ಮೇಲಂತೂ, ಒಂದು ಸಂಸ್ಥೆಯ ಹೆಸರಿರುವ ಟೀ ಶರ್ಟ್ ತೊಟ್ಟು ಓಡುವುದು, ಆಫೀಸಿನವರಿಂದ, ನೆಂಟರಿಷ್ಟರಿಂದ ಹಣ ಕೂಡಿಸಿ ಆಸ್ಪತ್ರೆಗೋ ಶಾಲೆಗೋ ಕೊಡುವುದು ಮಹಾನಗರದ ಬದುಕಿನಲ್ಲಿ ಮಾಮೂಲಾಗಿಬಿಟ್ಟಿದೆ. ನಮ್ಮಲ್ಲಿ ಅನೇಕರು ಓಡಿದ್ದೇವೆ, ಓಡಲಾಗದವರು ರಸ್ತೆ ಬದಿ ನಿಂತು ಚಪ್ಪಾಳೆ ತಟ್ಟಿದ್ದೇವೆ.

ಇದೇ ಕೆಲಸವನ್ನು ರಸ್ತೆಯ ಬದಲು ಸಮುದ್ರದ ಮೇಲೆ ಮಾಡುವವರೂ ಇದ್ದಾರೆ. ಅಂಥ ಒಂದು ಕಾರ್ಯಕ್ರಮದ ಕಥೆ ಈ ಸಲ. ಅಮೆರಿಕದ ಫ್ಲಾರಿಡಾ ರಾಜ್ಯದ ಹತ್ತಿರ ನಡೆಯುವ ಈ ಪಯಣದ ಹೆಸರು ‘ದಿ ಕ್ರಾಸಿಂಗ್ ಫಾರ್ ಸಿಸ್ಟಿಕ್ ಫೈಬ್ರೋಸಿಸ್’. ಹಣ ಕೂಡಿಸಲು ಸಮುದ್ರವನ್ನೇ ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ, ಒಂದು ಕಾಯಿಲೆಯ ಇಡೀ ಗುಟ್ಟೇ ಬಿಚ್ಚಿಕೊಳ್ಳುತ್ತದೆ. ಆ ಕಾಯಿಲೆ ನಮ್ಮ ದೇಶದಲ್ಲೂ ಇದೆ. ಆದರೆ ನಮ್ಮಲ್ಲಿ ಎಷ್ಟೋ ಸಲ ಅದು ಬೇರೆ ಕಾಯಿಲೆಯ ಹೆಸರಿನಲ್ಲಿ ಅಡಗಿ ಕೂತಿರುತ್ತದೆ.

ಒಂದು ದ್ವೀಪದಿಂದ ಇನ್ನೊಂದು ದಡಕ್ಕೆ

ಬಹಾಮಾಸ್ ದೇಶಕ್ಕೆ ಸೇರಿದ ಬಿಮಿನಿ ಎಂಬ ಪುಟ್ಟ ದ್ವೀಪ, ಮಯಾಮಿ ನಗರದಿಂದ ಪೂರ್ವಕ್ಕೆ ಸುಮಾರು 50 ಮೈಲಿ ದೂರದಲ್ಲಿದೆ. ಇಲ್ಲಿಂದ ಜೂನ್ ತಿಂಗಳ ಒಂದು ನಡುರಾತ್ರಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಲು ಸಿದ್ಧರಾದವರು ನೀರಿಗಿಳಿಯುತ್ತಾರೆ. ಹೆಚ್ಚಿನವರು ಹಲಗೆಯ ಮೇಲೆ ನಿಂತು ಉದ್ದನೆಯ ಹುಟ್ಟು ಹಾಕುವವರು. ಜೊತೆಗೆ ಕಯಾಕ್‌ನಲ್ಲಿ ಕೂತು ಬರುವವರೂ ಇರುತ್ತಾರೆ. ಗುರಿ ಫ್ಲಾರಿಡಾದ ಲೇಕ್ ವರ್ತ್ ಬೀಚ್. ದೂರ 80 ಮೈಲಿ, ಅಂದರೆ ಸುಮಾರು 128 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಶ್ರೀರಂಗಪಟ್ಟಣ ಮುಟ್ಟುವಷ್ಟು ದಾರಿ. ಆದರೆ ಇಲ್ಲಿ ಮದ್ದೂರಿನಲ್ಲಿ ಇಳಿದು ವಡೆ ತಿನ್ನುವಂತಿಲ್ಲ!

ಕಯಾಕ್ ಎಂದರೆ ಉದ್ದನೆಯ, ಕಿರಿದಾದ, ಹಗುರ ದೋಣಿ. ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ವಾಸಿಸುವ ಇನ್ಯುಯಿಟ್ ಜನ ಸೀಲ್ ಪ್ರಾಣಿಯ ಬೇಟೆಗಾಗಿ ಮಾಡಿಕೊಂಡ ದೋಣಿ ಇದು. ನಮ್ಮ ತುಂಗಭದ್ರೆಯ ಹರಿಗೋಲಿನ ಹಾಗೆಯೇ ಇದಕ್ಕೂ ಹಿಂದೆ ಹಂದರ ಕಟ್ಟಿ ಚರ್ಮ ಹೊದಿಸುತ್ತಿದ್ದರು. ಹರಿಗೋಲು ದುಂಡಗಿದ್ದರೆ ಇದು ಸೂಜಿಯ ಹಾಗೆ ಮೊನಚು. ಇದರ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅದ್ದಿ ಎಳೆಯುತ್ತಾ ಹೋಗಬೇಕು.

ದಾರಿಗೆ ಅಡ್ಡಲಾಗಿ ಗಲ್ಫ್ ಸ್ಟ್ರೀಮ್ ಹರಿಯುತ್ತದೆ. ಇದು ಸಮುದ್ರದೊಳಗಿನ ಒಂದು ನದಿ ಇದ್ದ ಹಾಗೆ. ಬೆಚ್ಚನೆಯ ನೀರು ಗಂಟೆಗೆ ಸರಾಸರಿ 6 ಕಿಲೋಮೀಟರಿನಷ್ಟು ವೇಗದಲ್ಲಿ ಇಲ್ಲಿ ಉತ್ತರಕ್ಕೆ ನುಗ್ಗುತ್ತಿರುತ್ತದೆ. ಬಿಮಿನಿಯಿಂದ ನೇರ ಪಶ್ಚಿಮಕ್ಕೆ ಹೋಗಲು ಹೊರಟರೆ ಪ್ರವಾಹದ ವಿರುದ್ಧ ಸೆಣಸಿ ತೋಳು ಸೋಲುತ್ತದೆ. ಅದಕ್ಕೇ ಗುರಿಯನ್ನೇ ಉತ್ತರಕ್ಕೆ ಸರಿಸಿ, ಪ್ರವಾಹದ ಬಲವನ್ನೂ ಬಳಸಿಕೊಂಡು ಓರೆಯಾಗಿ ದಾಟುತ್ತಾರೆ. ದೂರ ಹೆಚ್ಚಾದರೂ ದಾರಿ ಸುಲಭವಾಗುತ್ತದೆ. ಗಾಳಿ ಪ್ರವಾಹಕ್ಕೆ ಎದುರಾಗಿ ಬೀಸಿದರೆ ಮಾತ್ರ ಅಲೆಗಳು ಎದ್ದು ನಿಲ್ಲುತ್ತವೆ, ಆಗ ಯಾರ ಲೆಕ್ಕಾಚಾರವೂ ನಡೆಯುವುದಿಲ್ಲ. ಹಾಗಾಗಿ ಜೊತೆಯಲ್ಲಿ ಬೆಂಗಾವಲು ದೋಣಿಗಳು ಬರುತ್ತವೆ. ನಡುರಾತ್ರಿ ಹೊರಟವರು ಕತ್ತಲಲ್ಲಿ ದಾರಿ ಸವೆಸಿ, ಮರುದಿನ ಬೆಳಕಿರುವಾಗಲೇ ದಡ ಸೇರಬೇಕೆಂಬುದು ಲೆಕ್ಕ.

ಒಬ್ಬ ತಂದೆಯ ಹುಡುಕಾಟ

ಈ ಪಯಣ ಶುರುವಾದದ್ದು 2013ರಲ್ಲಿ. ಶುರು ಮಾಡಿದವರು ಟ್ರಾವಿಸ್ ಸೂಟ್ ಎಂಬ ತಂದೆ. ಅವರ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆಯೆಂದು ಗೊತ್ತಾದಾಗ ಅವಳಿನ್ನೂ ಪುಟ್ಟ ಹುಡುಗಿ. ಮಗುವಿಗೆ ಏನು ಒಳ್ಳೆಯದಾಗಬಹುದು ಎಂದು ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದ ಅವರಿಗೆ ಆಸ್ಟ್ರೇಲಿಯದಿಂದ ಬಂದ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಮುದ್ರದ ಉಪ್ಪುನೀರಿನ ಒಡನಾಟದಲ್ಲಿರುವ ರೋಗಿಗಳ ಶ್ವಾಸಕೋಶಕ್ಕೆ ಅದರಿಂದ ಅನುಕೂಲವಾಗುತ್ತದೆ ಎನ್ನುವುದು ಆ ಸಂಗತಿ. ಕೆಲವು ಗೆಳೆಯರನ್ನು ಜೊತೆಗೂಡಿಸಿಕೊಂಡು ಅವರು ಸಮುದ್ರ ದಾಟಿದರು. ಮುಂದೆ ಅದು ದೊಡ್ಡ ಕಾರ್ಯಕ್ರಮವಾಗಿ ಬೆಳೆಯಿತು. ಮಗಳ ಹೆಸರಿನಲ್ಲೇ ಇರುವ ‘ಪೈಪರ್ಸ್ ಏಂಜಲ್ಸ್ ಫೌಂಡೇಷನ್’ ಸಂಸ್ಥೆಯ ಮೂಲಕ ಕೂಡಿಬಂದ ಹಣ ಈ ಕಾಯಿಲೆಯಿರುವ ಕುಟುಂಬಗಳ ನೆರವಿಗೆ ಹೋಗುತ್ತದೆ.

ಹಾಗಾದರೆ ಉಪ್ಪಿಗೂ ಈ ಕಾಯಿಲೆಗೂ ಏನು ನಂಟು?

ಕೆಟ್ಟುಹೋದ ಬಾಗಿಲು

ನಮ್ಮ ದೇಹದ ಅನೇಕ ಜೀವಕೋಶಗಳ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿದೆ. ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಅದರ ಮೂಲಕ ಓಡಾಡುತ್ತದೆ. ಉಪ್ಪು ಹೋದಲ್ಲಿಗೆ ನೀರೂ ಹಿಂಬಾಲಿಸುತ್ತದೆ. ಈ ಬಾಗಿಲನ್ನು ಹೇಗೆ ಮಾಡಬೇಕೆಂಬ ಸೂಚನೆ ಇರುವ ವಂಶವಾಹಿಯ ಹೆಸರು ಸಿಎಫ್‌ಟಿಆರ್. ಅದು ನಮ್ಮ 7ನೇ ಕ್ರೋಮೋಸೋಮಿನಲ್ಲಿದೆ ಎಂದು ಪತ್ತೆ ಹಚ್ಚಿ, 1989ರಲ್ಲಿ ಅದನ್ನು ಗುರುತಿಸಿದವರು ಲಾಪ್-ಚೀ ಟ್ಸುಯಿ, ಜಾನ್ ರಿಯೊರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಮತ್ತವರ ತಂಡದವರು.

ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ಈ ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಸಾಮಾನ್ಯವಾಗಿ ತೆಳ್ಳಗೆ ನೀರಿನ ಪಸೆ ಇರುತ್ತದೆ. ಅದರಲ್ಲಿ ಸೂಕ್ಷ್ಮ ರೋಮಗಳು ಗಾಳಿಗೆ ತೊನೆಯುವ ಭತ್ತದ ಪೈರಿನ ಹಾಗೆ ಆಡುತ್ತಾ ಧೂಳನ್ನೂ ರೋಗಾಣುಗಳನ್ನೂ ಮೇಲಕ್ಕೆ ತಳ್ಳುತ್ತವೆ. ಬಾಗಿಲು ಕೆಟ್ಟರೆ ಆ ಪಸೆ ಒಣಗುತ್ತದೆ. ಕಫ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ರೋಮಗಳು ಅದರಲ್ಲಿ ಹೂತುಹೋಗುತ್ತವೆ. ಹೊರಗೆ ಹೋಗಬೇಕಾದ ರೋಗಾಣುಗಳು ಅಲ್ಲೇ ಮನೆ ಮಾಡಿಕೊಳ್ಳುತ್ತವೆ. ಮತ್ತೆ ಮತ್ತೆ ನ್ಯುಮೋನಿಯಾ ಬಂದು ಶ್ವಾಸಕೋಶ ಸ್ವಲ್ಪ ಸ್ವಲ್ಪವೇ ಹಾಳಾಗುತ್ತದೆ.

ಮೇದೋಜೀರಕ ಗ್ರಂಥಿಯಲ್ಲೂ ಇದೇ ಕಥೆ. ಜೀರ್ಣರಸ ಗಟ್ಟಿಯಾಗಿ ನಾಳ ಕಟ್ಟಿಕೊಳ್ಳುತ್ತದೆ. ಮಗು ಹೊಟ್ಟೆ ತುಂಬ ಉಂಡರೂ ಜಿಡ್ಡಿನ ಅಂಶ ಜೀರ್ಣವಾಗದೆ ಮಲದಲ್ಲಿ ಹೊರಟುಹೋಗುತ್ತದೆ. ‘ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ’ ಎಂದು ಅಜ್ಜಿಯಂದಿರು ದೃಷ್ಟಿ ತೆಗೆಯುವುದು ಇಂಥ ಮಕ್ಕಳಿಗೇ ಇರಬಹುದು.

ಬೆವರಿನ ಗ್ರಂಥಿಯಲ್ಲಿ ಮಾತ್ರ ಈ ಬಾಗಿಲಿನ ಕೆಲಸ ತಿರುಗುಮುರುಗು. ಅಲ್ಲಿ ಅದು ಬೆವರಿನೊಳಗಿನ ಉಪ್ಪನ್ನು ವಾಪಸು ದೇಹಕ್ಕೆ ಎಳೆದುಕೊಳ್ಳಬೇಕು. ಬಾಗಿಲು ಕೆಟ್ಟಿದ್ದರೆ ಉಪ್ಪೆಲ್ಲ ಬೆವರಿನೊಂದಿಗೆ ಹರಿದುಹೋಗುತ್ತದೆ. ಹಾಗಾಗಿ ಈ ಮಕ್ಕಳ ಮೈ ಉಪ್ಪುಪ್ಪು. ಯೂರೋಪಿನಲ್ಲಿ ಹಳೆಯ ಕಾಲದಿಂದಲೂ ಒಂದು ನಂಬಿಕೆ ಇತ್ತು. ಮುತ್ತಿಟ್ಟಾಗ ಯಾವ ಮಗುವಿನ ಹಣೆ ಉಪ್ಪಾಗಿರುತ್ತದೋ ಆ ಮಗು ಹೆಚ್ಚು ದಿನ ಬಾಳುವುದಿಲ್ಲ ಎಂದು. ಕಾರಣ ಗೊತ್ತಿರಲಿಲ್ಲ, ಆದರೆ ತಾಯಂದಿರ ತುಟಿಗೆ ರೋಗ ತಿಳಿದಿತ್ತು.

ಈ ಉಪ್ಪು ವೈದ್ಯರ ಗಮನಕ್ಕೆ ಬಂದದ್ದೂ ಒಂದು ಬೇಸಿಗೆಯಲ್ಲೇ. 1938ರಲ್ಲಿ ಡಾರತಿ ಆಂಡರ್ಸನ್ ಎಂಬ ವೈದ್ಯೆ ಈ ಕಾಯಿಲೆಯನ್ನು ಬೇರೆಯದೇ ರೋಗವೆಂದು ವಿವರಿಸಿದ್ದರು. 1948ರಲ್ಲಿ ನ್ಯೂಯಾರ್ಕ್‌ನಲ್ಲಿ ಭಾರೀ ಬಿಸಿಗಾಳಿ ಬೀಸಿತು. ಬಿಸಿಲಿಗೆ ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದವರೇ ಹೆಚ್ಚಾಗಿದ್ದುದು ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರ ಕಣ್ಣಿಗೆ ಬಿತ್ತು. ಅವರೂ ಸಹೋದ್ಯೋಗಿಗಳೂ ಹುಡುಕುತ್ತಾ ಹೋಗಿ, ಈ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತವಾಗಿದೆ ಎಂಬುದನ್ನು 1953ರಲ್ಲಿ ಪ್ರಕಟಿಸಿದರು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ಬೆವರಿನ ಪರೀಕ್ಷೆಗೆ ಸರಿಯಾದ ಕ್ರಮವನ್ನು ರೂಪಿಸಿದರು. ಇವತ್ತಿಗೂ ರೋಗನಿರ್ಣಯಕ್ಕೆ ಅದೇ ಆಧಾರ.

ಮಾವಿನಕಾಯಿ ಹೋಳು ನೀರು ಬಿಡುವ ಹಾಗೆ

ಈಗ ಸಮುದ್ರಕ್ಕೆ ಬರೋಣ. ಸಿಸ್ಟಿಕ್ ಫೈಬ್ರೋಸಿಸ್ ಇದ್ದೂ ಸಮುದ್ರದಲ್ಲಿ ಸರ್ಫಿಂಗ್ ಮಾಡುವ ರೋಗಿಗಳು ಉಳಿದವರಿಗಿಂತ ಚೆನ್ನಾಗಿರುವುದನ್ನು ಆಸ್ಟ್ರೇಲಿಯದ ವೈದ್ಯರು ಗಮನಿಸಿದರು. ಅಲೆಗಳು ಒಡೆದಾಗ ಏಳುವ ಉಪ್ಪಿನ ತುಂತುರು ಉಸಿರಿನೊಂದಿಗೆ ಒಳಗೆ ಹೋಗುತ್ತಿತ್ತು. ಅದರಿಂದಲೇ ಕಫ ಸಡಿಲವಾಗುತ್ತಿದೆಯೇ?

ಉಪ್ಪಿನಕಾಯಿ ಹಾಕುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನಕ್ಕೆ ನೀರು ಬಿಟ್ಟಿರುತ್ತದೆ. ಉಪ್ಪು ನೀರನ್ನು ತನ್ನ ಕಡೆ ಎಳೆಯುತ್ತದೆ. ಶ್ವಾಸನಾಳದ ಮೇಲೆ ಉಪ್ಪಿನ ತುಂತುರು ಬಿದ್ದಾಗಲೂ ಹಾಗೆಯೇ. ಒಣಗಿದ ಪಸೆಗೆ ನೀರು ಬರುತ್ತದೆ, ಅಂಟಿದ ಕಫ ಕದಲುತ್ತದೆ.

ಊಹೆಯನ್ನು ಪರೀಕ್ಷಿಸಿ ನೋಡಿದ ಎರಡು ಅಧ್ಯಯನಗಳು 2006ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದವು. ಆಸ್ಟ್ರೇಲಿಯದ ಅಧ್ಯಯನದಲ್ಲಿ 164 ರೋಗಿಗಳಿದ್ದರು. ಅರ್ಧದಷ್ಟು ಜನ ಶೇಕಡಾ 7ರ ಉಪ್ಪುನೀರನ್ನೂ, ಉಳಿದವರು ಶೇಕಡಾ 0.9ರ ಸಾಮಾನ್ಯ ಸಲೈನನ್ನೂ ನೆಬ್ಯುಲೈಸರ್ ಮೂಲಕ ದಿನಕ್ಕೆರಡು ಸಲ, 48 ವಾರ ಉಸಿರಾಡಿದರು. ಗಟ್ಟಿ ಉಪ್ಪುನೀರು ಪಡೆದವರಲ್ಲಿ ಎದೆಯ ಸೋಂಕು ಉಲ್ಬಣಗೊಂಡ ಪ್ರಸಂಗಗಳು ಶೇಕಡಾ 56ರಷ್ಟು ಕಡಿಮೆಯಾದವು. ಶ್ವಾಸಕೋಶದ ಸಾಮರ್ಥ್ಯದಲ್ಲಿ ಕಂಡ ಸುಧಾರಣೆ ಸಣ್ಣದು. ಅಂದರೆ ಇದು ರೋಗವನ್ನು ವಾಸಿಮಾಡಲಿಲ್ಲ. ಆದರೆ ಹಾಸಿಗೆ ಹಿಡಿಯುವ ದಿನಗಳನ್ನು ಕಡಿಮೆ ಮಾಡಿತು. ಅದೂ ಉಪ್ಪು ಮತ್ತು ನೀರು ಎಂಬ ಅಗ್ಗದ ವಸ್ತುಗಳಿಂದ.

ಇಲ್ಲೊಂದು ಎಚ್ಚರಿಕೆಯ ಮಾತು. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು ಶೇಕಡಾ 3.5. ಔಷಧದಲ್ಲಿರುವುದು ಅದರ ಎರಡರಷ್ಟು. ಅದನ್ನು ಎಳೆದುಕೊಂಡಾಗ ಶ್ವಾಸನಾಳ ಬಿಗಿಯಾಗಬಹುದು. ಆದ್ದರಿಂದ ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಆಮೇಲೆ ಶುದ್ಧವಾಗಿ ತಯಾರಿಸಿದ ದ್ರಾವಣವನ್ನು ವೈದ್ಯರ ಸಲಹೆಯಂತೆ ಕೊಡುತ್ತಾರೆ. ಅಡುಗೆಮನೆಯ ಉಪ್ಪು ಕಲಸಿ ನೆಬ್ಯುಲೈಸರಿಗೆ ಹಾಕುವ ಸಾಹಸ ಯಾರೂ ಮಾಡಕೂಡದು. ಮಗುವಿಗೆ ಅಸ್ತಮಾ ಇದೆಯೆಂದು ಜುಹೂಗೋ ಮರೀನಾಗೋ ಕರೆದುಕೊಂಡು ಹೋಗಿ ನೀರಿನಲ್ಲಿ ಅದ್ದುವುದೂ ಚಿಕಿತ್ಸೆಯಲ್ಲ.

ಫ್ಲಾರಿಡಾದವರು ನಡುರಾತ್ರಿ ಉಪ್ಪುನೀರಿಗೆ ಇಳಿಯುವುದು ಯಾಕೆ ಎಂದು ಈಗ ಹೊಳೆದಿರಬೇಕು. ಅವರ ಪಾಲಿಗೆ ಸಮುದ್ರ ಬರೀ ಪಂದ್ಯದ ಮೈದಾನವಲ್ಲ. ಈ ಮಕ್ಕಳಿಗೆ ಉಸಿರು ಕೊಡುವ ವಸ್ತುವಿನ ಮೇಲೆಯೇ ಅವರು ಹುಟ್ಟು ಹಾಕುತ್ತಿರುತ್ತಾರೆ.

ಹಣ ಯಾಕೆ ಬೇಕು?

1950ರ ದಶಕದಲ್ಲಿ ಈ ಕಾಯಿಲೆಯ ಮಕ್ಕಳು ಶಾಲೆಗೆ ಸೇರುವ ವಯಸ್ಸು ಮುಟ್ಟುವುದೇ ಅಪರೂಪವಾಗಿತ್ತು. ಇಂದು ಅಮೆರಿಕದಲ್ಲಿ ಈ ಕಾಯಿಲೆಯಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಕರು. ಪ್ರತಿದಿನ ಎದೆ ತಟ್ಟಿ ಕಫ ತೆಗೆಯುವ ಫಿಸಿಯೋಥೆರಪಿ, ಊಟದ ಜೊತೆ ಕಿಣ್ವದ ಮಾತ್ರೆ, ಆ್ಯಂಟಿಬಯಾಟಿಕ್ ಔಷಧ, ಉಪ್ಪುನೀರಿನ ನೆಬ್ಯುಲೈಸರ್, ಇವೆಲ್ಲ ಸೇರಿ ವರ್ಷಗಳನ್ನು ಗಳಿಸಿಕೊಟ್ಟವು.

2012ರಲ್ಲಿ ಕೆಟ್ಟ ಬಾಗಿಲನ್ನೇ ತೆರೆಯುವ ಮೊದಲ ಔಷಧ ಐವಕಾಫ್ಟರ್ ಬಂತು. 2019ರಲ್ಲಿ ಮೂರು ಔಷಧಗಳು ಸೇರಿದ ಟ್ರೈಕಾಫ್ಟಾ ಬಂತು. ಅನೇಕ ರೋಗಿಗಳ ಬದುಕೇ ಬದಲಾಯಿತು. ಆದರೆ ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಬೆಲೆ ವರ್ಷಕ್ಕೆ ಸುಮಾರು 3 ಲಕ್ಷ 11 ಸಾವಿರ ಡಾಲರ್. ಜೊತೆಗೆ ಈ ಔಷಧ ಎಲ್ಲರಿಗೂ ನಾಟುವುದಿಲ್ಲ. ವಂಶವಾಹಿಯಲ್ಲಿ ಯಾವ ದೋಷವಿದೆ ಎನ್ನುವುದರ ಮೇಲೆ ಅದು ನಿಂತಿದೆ. ಅಲ್ಲಿ ತುಂಬಾ ಸಾಮಾನ್ಯವಾದ ಎಫ್508ಡೆಲ್ ಎಂಬ ದೋಷ, ಭಾರತದ ರೋಗಿಗಳಲ್ಲಿ ಅಷ್ಟೊಂದು ಸಾಮಾನ್ಯವಲ್ಲ.

ಔಷಧದ ಬೆಲೆ ಒಂದು ಕಡೆಯಾದರೆ, ಆಸ್ಪತ್ರೆಗೆ ಓಡಾಡುವ ಖರ್ಚು, ಮಗುವಿನ ಪಕ್ಕ ಕೂರಲು ತಾಯಿಯೋ ತಂದೆಯೋ ಬಿಟ್ಟ ಕೆಲಸ, ಅಷ್ಟು ದಿನ ನಿಂತುಹೋದ ಸಂಬಳ ಇನ್ನೊಂದು ಕಡೆ. ವಿಮೆಯ ಕಾಗದದಲ್ಲಿ ಈ ಖರ್ಚುಗಳಿಗೆ ಸಾಲು ಇರುವುದಿಲ್ಲ. ಸಮುದ್ರ ದಾಟಿ ತಂದ ಹಣ ಬೇಕಾಗುವುದು ಇಂಥ ಕಡೆ.

‘ಅಷ್ಟು ಕಷ್ಟಪಡುವ ಬದಲು ಸೀದಾ ಹಣ ಕೊಟ್ಟರಾಗದೇ?’ ಎಂದು ನೀವು ಕೇಳಬಹುದು. ಆಗುತ್ತದೆ, ಕೊಡುವವರಿದ್ದರೆ. ಹೆಸರೇ ಕೇಳದ ಕಾಯಿಲೆಗೆ ಯಾರೂ ಜೇಬಿಗೆ ಕೈಹಾಕುವುದಿಲ್ಲ. ಪಕ್ಕದ ಟೇಬಲಿನ ಗೆಳೆಯ ‘ನಾನು ರಾತ್ರಿಯಿಡೀ ಸಮುದ್ರದಲ್ಲಿರುತ್ತೇನೆ, ನೀನು ಒಂದಿಷ್ಟು ಕೊಡು’ ಎಂದರೆ, ‘ಅದೆಂಥ ಕಾಯಿಲೆ?’ ಎಂದು ಕೇಳಿಯೇ ಕೇಳುತ್ತೇವೆ. ಹಣ ಖರ್ಚಾದರೂ ಆ ತಿಳಿವಳಿಕೆ ಉಳಿಯುತ್ತದೆ. ಹಾಗೆಂದು ಇಂಥ ಎಲ್ಲ ಕಾರ್ಯಕ್ರಮಗಳಿಗೂ ಕಣ್ಣುಮುಚ್ಚಿ ಕೊಡಬೇಕೆಂದಿಲ್ಲ. ಸಂಸ್ಥೆ ನೋಂದಾಯಿತವೇ, ರಸೀದಿ ಕೊಡುತ್ತಾರೆಯೇ, ಕೂಡಿದ ಹಣದಲ್ಲಿ ಪೆಂಡಾಲು, ಟೀ ಶರ್ಟಿಗೆ ಹೋದದ್ದೆಷ್ಟು, ರೋಗಿಗೆ ತಲುಪಿದ್ದೆಷ್ಟು ಎಂದು ಕೇಳುವುದು ಕೊಡುವವರ ಹಕ್ಕು. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ನಮ್ಮ ಮನೆಗಳಲ್ಲಿ

ಸಿಸ್ಟಿಕ್ ಫೈಬ್ರೋಸಿಸ್ ಬಿಳಿಯರ ಕಾಯಿಲೆ, ನಮ್ಮವರಿಗೆ ಬರುವುದಿಲ್ಲ ಎಂದು ಬಹಳ ಕಾಲ ನಂಬಿದ್ದರು. ಅದು ತಪ್ಪು. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಆಸ್ಪತ್ರೆಗಳ ವೈದ್ಯರು ಭಾರತದ ಮಕ್ಕಳಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ಕೊಡುತ್ತಾ ಬಂದಿದ್ದಾರೆ. ಆದರೂ ಎಷ್ಟೋ ಮಕ್ಕಳಿಗೆ ಕ್ಷಯವೆಂದೋ, ಅಸ್ತಮಾ ಎಂದೋ, ಅಪೌಷ್ಟಿಕತೆ ಎಂದೋ ವರ್ಷಗಟ್ಟಲೆ ಬೇರೆ ಔಷಧ ನಡೆದಿರುತ್ತದೆ.

ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ವಂಶವಾಹಿ ಒಂದೊಂದು ಅಡಗಿದ್ದರೆ, ಅವರಿಗೆ ಏನೂ ತೊಂದರೆ ಇರುವುದಿಲ್ಲ. ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. ಸೋದರಮಾವನಿಗೋ, ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮ ಕಡೆ ಇದೆಯಷ್ಟೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಸಂಬಂಧವೇ ಇಲ್ಲದ ದಂಪತಿಗಳ ಮಕ್ಕಳಿಗೂ ಬರಬಹುದು. ಇದರಲ್ಲಿ ತಾಯಿಯ ತಪ್ಪು, ಸೊಸೆಯ ತಪ್ಪು ಎಂಬುದೇನೂ ಇಲ್ಲ. ಎರಡೂ ಕಡೆಯಿಂದ ಬಂದರಷ್ಟೇ ಕಾಯಿಲೆ.

ಯಾವಾಗ ಅನುಮಾನ ಪಡಬೇಕು? ಮಗುವಿಗೆ ಮುತ್ತಿಟ್ಟಾಗ ಉಪ್ಪಿನ ರುಚಿ ಇದ್ದರೆ, ಬೆವರು ಒಣಗಿದ ಮೇಲೆ ಚರ್ಮದ ಮೇಲೆ ಬಿಳಿ ಪುಡಿ ಕಂಡರೆ. ಪದೇ ಪದೇ ನ್ಯುಮೋನಿಯಾ ಆಗುತ್ತಿದ್ದರೆ, ಕೆಮ್ಮು ಕಫ ಬಿಡದೇ ಇದ್ದರೆ. ಚೆನ್ನಾಗಿ ಉಂಡರೂ ತೂಕ ಏರದಿದ್ದರೆ, ಮಲ ಜಿಡ್ಡುಜಿಡ್ಡಾಗಿ ವಿಪರೀತ ವಾಸನೆಯಿದ್ದರೆ. ಹುಟ್ಟಿದ ಕೂಸಿನ ಮೊದಲ ಮಲವೇ ಕರುಳಿನಲ್ಲಿ ಕಟ್ಟಿಕೊಂಡಿದ್ದರೆ. ಬೇಸಿಗೆಯಲ್ಲಿ ಮಗು ಕಾರಣವಿಲ್ಲದೆ ಸೊರಗಿ, ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ ಇಳಿದಿದ್ದರೆ. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಇದೇ ಕಾಯಿಲೆ ಎಂದಲ್ಲ. ಆದರೆ ಎರಡು ಮೂರು ಕೂಡಿದ್ದರೆ ‘ಡಾಕ್ಟರೇ, ಬೆವರಿನ ಪರೀಕ್ಷೆ ಮಾಡಿಸಬಹುದೇ?’ ಎಂದು ಮಕ್ಕಳ ವೈದ್ಯರನ್ನು ಕೇಳಲು ಸಂಕೋಚ ಬೇಡ. ಸೂಜಿ ಚುಚ್ಚುವುದಿಲ್ಲ. ಚರ್ಮದ ಮೇಲೆ ಬೆವರು ಬರಿಸುವ ಔಷಧ ಹಚ್ಚಿ, ಬೆವರನ್ನು ಕೂಡಿಸಿ ಕ್ಲೋರೈಡ್ ಅಳೆಯುತ್ತಾರೆ. 30ಕ್ಕಿಂತ ಕಡಿಮೆಯಿದ್ದರೆ ಕಾಯಿಲೆಯ ಸಂಭವ ಕಡಿಮೆ. ನಡುವೆ ಇದ್ದರೆ ಇನ್ನಷ್ಟು ಪರೀಕ್ಷೆ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆಯಿದೆ ಎನ್ನಲು ಬಲವಾದ ಆಧಾರ.

ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದೆ. 2022ರಲ್ಲಿ ಆದ ಬದಲಾವಣೆಯಂತೆ, ಗುರುತಿಸಿದ ಕೇಂದ್ರಗಳ ಮೂಲಕ ಅರ್ಹ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ದೆಹಲಿಯ ಏಮ್ಸ್, ಮುಂಬೈಯ ಕೆಇಎಂ, ಹೈದರಾಬಾದಿನ ನಿಮ್ಸ್ ಮತ್ತು ಸಿಡಿಎಫ್‌ಡಿ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಈ ಕೇಂದ್ರಗಳಲ್ಲಿ ಸೇರಿವೆ. ಯಾವ ರೋಗಿಗೆ ಏನು ಸಿಗುತ್ತದೆ ಎಂಬುದನ್ನು ಅಲ್ಲಿಯೇ ವಿಚಾರಿಸಬೇಕು.

ದಡ

ಬಿಮಿನಿಯಿಂದ ಹೊರಟವರ ಮೈಮೇಲೆ, ಲೇಕ್ ವರ್ತ್ ಬೀಚ್ ಮುಟ್ಟುವ ಹೊತ್ತಿಗೆ, ಉಪ್ಪು ಪದರ ಕಟ್ಟಿರುತ್ತದೆ. ಸ್ನಾನ ಮಾಡಿದರೆ ಅವರ ಉಪ್ಪು ತೊಳೆದುಹೋಗುತ್ತದೆ. ಯಾರಿಗಾಗಿ ದಾಟಿದರೋ ಆ ಮಕ್ಕಳ ಮೈಯ ಉಪ್ಪು ಹಾಗೆ ಹೋಗುವುದಿಲ್ಲ.

ನಾವೆಲ್ಲ ಸಮುದ್ರ ದಾಟಬೇಕಾಗಿಲ್ಲ. ಇದನ್ನು ಓದಿದ ಮೇಲೆ ನಿಮ್ಮ ಚಾಳಿನಲ್ಲೋ, ಸೊಸೈಟಿಯಲ್ಲೋ, ಊರಿನ ನೆಂಟರಲ್ಲೋ ಸದಾ ಕೆಮ್ಮುವ, ಉಂಡರೂ ಸೊರಗುವ ಒಂದು ಮಗು ನೆನಪಾದರೆ, ಅದರ ತಾಯಿಗೆ ಒಂದು ಫೋನ್ ಮಾಡಿ. ‘ಮಗುವಿನ ಹಣೆ ಉಪ್ಪಾಗಿರುತ್ತದೆಯೇ?’ ಎಂದು ಕೇಳಿ. ಅಷ್ಟು ಸಣ್ಣ ಪ್ರಶ್ನೆ ಒಂದು ಮಗುವಿಗೆ ವರ್ಷಗಳನ್ನು ಉಳಿಸಿಕೊಡಬಹುದು.